ಹಳೇ ಗೇಮ್ ಮತ್ತೆ ಆಡಿ ನ್ಯಾಯವಾಗಿ ಅಭಿಪ್ರಾಯ ಹೇಳೋದು ಹೇಗೆ

"ಈಗಿನ ಗೇಮ್‌ಗಳಲ್ಲಿ ಏನಿದೆ, ನಮ್ಮ ಕಾಲದ ಐಜಿಐ ಮುಂದೆ ಎಲ್ಲ ವೇಸ್ಟ್." ಮಡಿಕೇರಿಯಾಗಲಿ, ವಿರಾಜಪೇಟೆಯಾಗಲಿ, ಗೋಣಿಕೊಪ್ಪವಾಗಲಿ, ಮೂವತ್ತು ದಾಟಿದ ನಾಲ್ಕು ಜನ ಸೇರಿ ಗೇಮ್ ಸುದ್ದಿ ಬಂದರೆ ಈ ಮಾತು ಬಂದೇ ಬರುತ್ತದೆ. ಪಕ್ಕದಲ್ಲೇ ಮೊಬೈಲ್ ಹಿಡಿದು ಕೂತ ಹುಡುಗ "ಇಂಥ ಗ್ರಾಫಿಕ್ಸ್ ಇಟ್ಕೊಂಡು ಹೇಗೆ ಆಡ್ತಿದ್ರಿ" ಅನ್ನುತ್ತಾನೆ. ಇಬ್ಬರೂ ತಮಗೆ ರೂಢಿಯಾದದ್ದನ್ನೇ ಒಳ್ಳೆಯದು ಅನ್ನುತ್ತಿದ್ದಾರೆ. ಗೇಮ್ ಹೇಗಿದೆ ಅನ್ನುವ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ.

ನನಗೆ ಈ ಪ್ರಶ್ನೆ ಮುಖ್ಯ. ಹಳೇ ಗೇಮ್‌ಗಳಲ್ಲಿ ನಿಜಕ್ಕೂ ಅದ್ಭುತವಾದವು ಇವೆ. ಎಲ್ಲವನ್ನೂ ಒಂದೇ ಸಮ ಹೊಗಳಿದರೆ ಅವುಗಳಿಗೆ ಬೆಲೆ ಇಲ್ಲದಂತಾಗುತ್ತದೆ. ಹುಡುಗರಿಗೆ ಯಾವುದನ್ನು ಕೊಡಬೇಕು, ಯಾವ ರಿಮಾಸ್ಟರ್‌ಗೆ (ಹಳೇ ಗೇಮನ್ನೇ ಈಗಿನ ಯಂತ್ರಕ್ಕೆ ಹೊಸದಾಗಿ ಮಾಡಿದ್ದಕ್ಕೆ) ದುಡ್ಡು ಹಾಕಬಹುದು ಅನ್ನೋದೂ ಗೊತ್ತಾಗುವುದಿಲ್ಲ. ನಾನು ಅನುಸರಿಸುವ ಕ್ರಮ ಇಲ್ಲಿ ಬರೆದಿದ್ದೇನೆ. ನೆನಪನ್ನು ಬದಿಗಿಡಿ ಅಂತ ಯಾರಿಗೂ ಹೇಳುವುದಿಲ್ಲ, ಅದು ಆಗುವ ಕೆಲಸವೂ ಅಲ್ಲ. ನೆನಪು ಎಷ್ಟು, ಕೈ ರೂಢಿ ಎಷ್ಟು, ಗೇಮ್ ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡುವುದಷ್ಟೇ.

ಇನ್‌ಸ್ಟಾಲ್ ಮಾಡುವ ಮೊದಲು ಬರೆದಿಡಿ

ಗೇಮ್ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯೂಟ್ಯೂಬ್ ನೋಡಬೇಡಿ, ನೋಡಿದರೆ ಬೇರೆಯವರ ನೆನಪು ನಿಮ್ಮದರ ಜೊತೆ ಕಲಸಿಹೋಗುತ್ತದೆ. ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಎಲ್ಲಿ ಆಡಿದ್ದು, ಯಾರು ಪಕ್ಕದಲ್ಲಿದ್ದರು, ಯಾವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾವ ಸದ್ದು ಕಿವಿಯಲ್ಲಿದೆ. ಆಮೇಲೆ ಒಂದೊಂದು ಸಾಲಿನ ಮುಂದೆ ಗುರುತು ಹಾಕಿ: ಇದು ಗೇಮ್ ಒಳಗಿನದ್ದಾ, ಹೊರಗಿನದ್ದಾ?

ನನ್ನ ಐಜಿಐ ಹಾಳೆಯನ್ನೇ ತೆಗೆದುಕೊಳ್ಳಿ. ಪ್ರಾಜೆಕ್ಟ್ ಐಜಿಐ ಅಂದರೆ ಒಬ್ಬನೇ ಶತ್ರುಗಳ ನೆಲೆಗೆ ನುಗ್ಗುವ ಶೂಟಿಂಗ್ ಗೇಮ್, 2000ದಲ್ಲಿ ಬಂದದ್ದು, ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ್ದು. ನನ್ನ ಹಾಳೆಯಲ್ಲಿದ್ದದ್ದು: ಮಳೆ ರಜೆ, ಹಂಚಿನ ಮೇಲೆ ಜಡಿಮಳೆ ಸದ್ದು, ಪಕ್ಕದಲ್ಲಿ ಅಣ್ಣ, ಮಿಷನ್ ಇನ್ನೇನು ಮುಗಿಯಬೇಕು ಅನ್ನುವಾಗ ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಅನ್ನಲು ಶುರು ಮಾಡುವುದು. ಆ ಗೇಮಿನಲ್ಲಿ ಮಿಷನ್ ಮಧ್ಯೆ ಸೇವ್ ಮಾಡಲು ಬರುವುದಿಲ್ಲ. ಸತ್ತರೆ ಮೊದಲಿನಿಂದ. ಹಾಗಾಗಿ ಯುಪಿಎಸ್ ನಿಲ್ಲುವುದರೊಳಗೆ ಗುರಿ ಮುಟ್ಟಬೇಕು ಅನ್ನುವ ಎದೆಬಡಿತ ಇತ್ತಲ್ಲ, ಅದರಲ್ಲಿ ಅರ್ಧ ಗೇಮಿನದು, ಅರ್ಧ ಕೊಡಗಿನ ಮಳೆಗಾಲದ್ದು. ಮರ ಬಿದ್ದು ಲೈನ್ ಹೋದ ರಾತ್ರಿಗಳು ಆ ಗೇಮನ್ನು ಇನ್ನೂ ರೋಚಕ ಮಾಡಿದ್ದವು. ಬೆಂಗಳೂರಿನಲ್ಲಿ ಇನ್ವರ್ಟರ್ ಇರುವ ಫ್ಲ್ಯಾಟಿನಲ್ಲಿ ಕೂತು ಆಡುವವನಿಗೆ ಆ ಅರ್ಧ ಸಿಗುವುದೇ ಇಲ್ಲ.

ಒಳಗಿನದ್ದು ಅಂತ ಗುರುತು ಹಾಕಿದ ಸಾಲುಗಳೂ ಇದ್ದವು. ದೂರದ ಗುಡ್ಡದ ಮೇಲೆ ಮಲಗಿ ಬೈನಾಕ್ಯುಲರ್‌ನಲ್ಲಿ ಇಡೀ ನೆಲೆಯನ್ನು ನೋಡಿಕೊಳ್ಳುವುದು, ಯಾವ ಕಡೆಯಿಂದ ನುಗ್ಗಬೇಕು ಅಂತ ಸ್ಯಾಟಲೈಟ್ ಮ್ಯಾಪ್‌ನಲ್ಲಿ ಯೋಚಿಸುವುದು, ಅಲಾರಂ ಬಡಿದರೆ ಕಥೆ ಮುಗಿಯಿತು ಅನ್ನುವ ಭಯ. ಮತ್ತೆ ಆಡುವಾಗ ನಾನು ಪರೀಕ್ಷೆ ಮಾಡುವುದು ಈ ಸಾಲುಗಳನ್ನು.

ಈ ವಯಸ್ಸಿನ ನೆನಪು ಯಾಕೆ ಇಷ್ಟು ಗಟ್ಟಿ ಅನ್ನುವುದಕ್ಕೆ ಕಾರಣ ಇದೆ. ನಡುವಯಸ್ಸು ದಾಟಿದವರನ್ನು ನಿಮ್ಮ ಬದುಕಿನ ನೆನಪು ಹೇಳಿ ಅಂದರೆ, ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ ಬರುತ್ತವೆ. ಮನಶ್ಶಾಸ್ತ್ರದವರು ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಆ ವಯಸ್ಸಿನಲ್ಲಿ ಆಡಿದ ಗೇಮ್, ಕೇಳಿದ ಹಾಡು, ನೋಡಿದ ಮ್ಯಾಚ್ ಎಲ್ಲಕ್ಕೂ ಒಂದು ಹೊಳಪು ತಾನಾಗಿಯೇ ಬರುತ್ತದೆ.

ನೀವು ಆಡಿದ್ದು ಯಾವ ಗೇಮ್ ಅಂತ ಖಾತ್ರಿ ಮಾಡಿಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಮ್ಮ ಕಡೆ ಗೇಮ್ ಬರುತ್ತಿದ್ದದ್ದು ಹೇಗೆ? ಯಾರೋ ಮೈಸೂರಿನಿಂದ ತಂದ ಸಿಡಿ, ಅದರಿಂದ ಇನ್ನೊಬ್ಬರ ಪೆನ್‌ಡ್ರೈವ್, ಅಲ್ಲಿಂದ ಸೈಬರ್ ಕೆಫೆಯ ಎಲ್ಲ ಕಂಪ್ಯೂಟರ್‌ಗೆ. ಸೈಜ್ ಕಮ್ಮಿ ಮಾಡಲು ಕೆಲವು ಭಾಗ ಕತ್ತರಿಸಿದ ಕಾಪಿಗಳೇ ಜಾಸ್ತಿ. ಜಿಟಿಎ ವೈಸ್ ಸಿಟಿ ಎಷ್ಟೋ ಜನ ಆಡಿದ್ದು ರೇಡಿಯೋ ಹಾಡುಗಳೇ ಇಲ್ಲದ ಕಾಪಿಯಲ್ಲಿ. 1980ರ ದಶಕದ ಹಾಡುಗಳು ಆ ಗೇಮಿನ ಜೀವ, ಅವೇ ಇಲ್ಲ. ಮಿಷನ್ ಮಾಡಿದವರೂ ಕಮ್ಮಿ. ಕೀಬೋರ್ಡಿನಲ್ಲಿ ಪ್ಯಾಂಜರ್ ಅಂತ ಟೈಪ್ ಮಾಡಿ ಟ್ಯಾಂಕ್ ಇಳಿಸಿಕೊಂಡು, ಪೊಲೀಸರು ಬಂದರೆ ಲೀವ್ ಮಿ ಅಲೋನ್ ಅಂತ ಹೊಡೆದು ಊರೆಲ್ಲ ಸುತ್ತಿದ್ದೇ ಆಟ. ಅದರಲ್ಲಿ ತಪ್ಪೇನೂ ಇಲ್ಲ, ಮಜಾ ಇತ್ತು. ಆದರೆ "ವೈಸ್ ಸಿಟಿ ಕಥೆಯ ಮುಂದೆ ಬೇರೆ ಯಾವುದೂ ಇಲ್ಲ" ಅನ್ನುವವರು ಆ ಕಥೆಯನ್ನು ಪೂರ್ತಿ ನೋಡಿದ್ದಾರಾ ಅಂತ ಮೊದಲು ಕೇಳಿಕೊಳ್ಳಬೇಕು.

ಪ್ರಿನ್ಸ್ ಆಫ್ ಪರ್ಶಿಯಾ ಕೂಡ ಹಾಗೇ. ಜೋರ್ಡನ್ ಮೆಕ್‌ನರ್ 1989ರಲ್ಲಿ ತಂದ ಆ ಗೇಮಿನ ಗುಟ್ಟು ಇರುವುದೇ 60 ನಿಮಿಷದಲ್ಲಿ. ಅಷ್ಟರೊಳಗೆ ರಾಜಕುಮಾರಿಯನ್ನು ಬಿಡಿಸಬೇಕು, ಗಡಿಯಾರ ನಿಲ್ಲುವುದಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಡಾಸ್ (ವಿಂಡೋಸ್‌ಗಿಂತ ಹಿಂದಿನ, ಟೈಪ್ ಮಾಡಿ ನಡೆಸುವ ವ್ಯವಸ್ಥೆ) ಪರದೆಯ ಮೇಲೆ ಪ್ರಿನ್ಸ್ ಮೆಗಾಹಿಟ್ ಅಂತ ಟೈಪ್ ಮಾಡಿ ಲೆವೆಲ್ ಹಾರಿಸಿಕೊಂಡು ಆಡಿದವರಿಗೆ ಆ ಗಡಿಯಾರದ ಒತ್ತಡ ತಟ್ಟಿಯೇ ಇಲ್ಲ. ಕಾಂಟ್ರಾ ಮೂರೇ ಜೀವದಲ್ಲಿ ಆಡುವುದಕ್ಕೂ, ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಕೋಡ್ ಒತ್ತಿ 30 ಜೀವದಲ್ಲಿ ಆಡುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ.

ಇನ್ನು ಕ್ರಿಕೆಟ್ 07. ಇಎ ಸ್ಪೋರ್ಟ್ಸ್‌ನ ಈ ಗೇಮ್ ಬಂದದ್ದು 2006ರ ಕೊನೆಗೆ. ಇಂಗ್ಲೆಂಡ್, ಆಸ್ಟ್ರೇಲಿಯಾಗೆ ಲೈಸೆನ್ಸ್ ಇತ್ತು, ನಮ್ಮ ಟೀಮಿಗೆ ಇರಲಿಲ್ಲ. ಹಾಗಾಗಿ ನಮ್ಮ ಆಟಗಾರರ ಹೆಸರು ತಿರುಚಿ ಹಾಕಿದ್ದರು. ಆಮೇಲೆ ಅಭಿಮಾನಿಗಳು ಗೇಮನ್ನು ಬದಲಿಸುವ ಫೈಲುಗಳನ್ನು, ಅಂದರೆ ಪ್ಯಾಚ್ ಮೇಲೆ ಪ್ಯಾಚ್ ಮಾಡಿದರು. ಹೊಸ ಟೀಮ್, ಹೊಸ ಜೆರ್ಸಿ, ಹೊಸ ಸ್ಟೇಡಿಯಂ, ಐಪಿಎಲ್, ಎಲ್ಲ. ಇವತ್ತು "ಕ್ರಿಕೆಟ್ 07 ಈಗಲೂ ಚಿಂದಿ" ಅನ್ನುವವರು ಆಡುತ್ತಿರುವುದು ಇಷ್ಟು ವರ್ಷ ಜನ ಸೇರಿ ಕಟ್ಟಿದ ಗೇಮ್. ಹೊಗಳಿಕೆಯಲ್ಲಿ ದೊಡ್ಡ ಪಾಲು ಆ ಪ್ಯಾಚ್ ಮಾಡಿದವರಿಗೆ ಹೋಗಬೇಕು. ಪ್ಯಾಚ್ ಇಲ್ಲದ ಮೂಲ ಡಿಸ್ಕ್ ಹಾಕಿ ಒಂದು 20 ಓವರ್ ಮ್ಯಾಚ್ ಆಡಿ ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ.

ಆದ್ದರಿಂದ ಯಾವ ಗೇಮ್ ಅನ್ನುವುದರ ಜೊತೆಗೆ ಯಾವ ಕಾಪಿ, ಯಾವ ವರ್ಷದ್ದು, ಚೀಟ್ ಹಾಕಿದ್ದರಾ, ಪ್ಯಾಚ್ ಇತ್ತಾ ಅನ್ನುವುದನ್ನೂ ಹಾಳೆಯ ಮೇಲೆ ಬರೆಯಿರಿ. ಮತ್ತೆ ಆಡುವಾಗ ಸಾಧ್ಯವಾದರೆ ಎರಡೂ ಬಗೆಯಲ್ಲಿ ಆಡಿ: ಒಮ್ಮೆ ಆಗ ಆಡಿದ ಹಾಗೆ, ಒಮ್ಮೆ ಮಾಡಿದವರು ಬಯಸಿದ ಹಾಗೆ.

ಪರದೆ, ವೇಗ, ಮಂಜು

ಹಳೇ ಗೇಮನ್ನು ದೊಡ್ಡ ಎಲ್‌ಇಡಿ ಟಿವಿಯಲ್ಲಿ ಹಾಕಿ "ಅಯ್ಯೋ ಇಷ್ಟು ಕೆಟ್ಟದಾಗಿತ್ತಾ" ಅನ್ನಬೇಡಿ. ಆ ಚಿತ್ರಗಳನ್ನು ಬಿಡಿಸಿದ್ದೇ ದಪ್ಪ ಟಿವಿಗಾಗಿ. ಆ ಪರದೆಯಲ್ಲಿ ಚುಕ್ಕೆಗಳು ಒಂದಕ್ಕೊಂದು ಸ್ವಲ್ಪ ಬೆರೆತು ಮೆತ್ತಗೆ ಕಾಣುತ್ತಿದ್ದವು, ಈಗಿನದ್ದರಲ್ಲಿ ಒಂದೊಂದೂ ಚೌಕ ಚೌಕವಾಗಿ ಎದ್ದು ಕಾಣುತ್ತದೆ. ಅಟ್ಟದ ಮೇಲೆ ಹಳೇ ಟಿವಿ ಇದ್ದರೆ ಇಳಿಸಿ. ಇಲ್ಲದಿದ್ದರೆ ರೆಟ್ರೋಆರ್ಕ್‌ನಂಥ ಎಮ್ಯುಲೇಟರ್‌ಗಳಲ್ಲಿ (ಹಳೇ ಯಂತ್ರದ ಗೇಮನ್ನು ಈಗಿನ ಯಂತ್ರದಲ್ಲಿ ಓಡಿಸುವ ಸಾಫ್ಟ್‌ವೇರ್) ದಪ್ಪ ಟಿವಿಯ ಫಿಲ್ಟರ್ ಇದೆ, ಹಾಕಿಕೊಳ್ಳಿ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಅಂತೂ ಹೊಸ ಟಿವಿಯಲ್ಲಿ ನಡೆಯುವುದೇ ಇಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಬರುತ್ತದೆ, ಆ ಬೆಳಕನ್ನು ಗನ್ ಹಿಡಿಯಬೇಕು. ಹೊಸ ಟಿವಿ ಚಿತ್ರ ತೋರಿಸಲು ತೆಗೆದುಕೊಳ್ಳುವ ಚೂರು ತಡವೇ ಸಾಕು, ಗನ್‌ಗೆ ಏನೂ ಕಾಣುವುದಿಲ್ಲ. ಗನ್ ಹಾಳಾಗಿದೆ ಅಂತ ಎಸೆಯಬೇಡಿ.

ಡಾಸ್ ಕಾಲದ ಕೆಲವು ಗೇಮ್‌ಗಳು ಪ್ರೊಸೆಸರ್ ಎಷ್ಟು ವೇಗವೋ ಅಷ್ಟು ವೇಗವಾಗಿ ಓಡುತ್ತವೆ. ಈಗಿನ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತೀರಿ. ಡಾಸ್ ಗೇಮ್ ಓಡಿಸುವ ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರ್‌ನಲ್ಲಿ ಸೈಕಲ್ಸ್, ಅಂದರೆ ವೇಗ, ಕಮ್ಮಿ ಮಾಡಿಕೊಂಡು ಆಡಿ.

ಮಂಜಿನ ವಿಷಯ ನನಗೆ ತುಂಬ ಇಷ್ಟ. ಜಿಟಿಎ ಸ್ಯಾನ್ ಆಂಡ್ರಿಯಾಸ್ 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು, ಆ ಯಂತ್ರದ ಮುಖ್ಯ ಮೆಮೊರಿ ಬರೀ 32 ಎಂಬಿ. ದೂರದ್ದೆಲ್ಲ ತೋರಿಸಲು ಅದಕ್ಕೆ ಆಗುತ್ತಿರಲಿಲ್ಲ, ಅದಕ್ಕೆ ಮಸುಕು ಹಾಕಿದ್ದರು. ಆ ಮಸುಕಿನಿಂದಲೇ ಊರುಗಳು ಒಂದರಿಂದ ಒಂದು ಬಹಳ ದೂರ ಇದ್ದ ಹಾಗೆ ಅನಿಸುತ್ತಿತ್ತು. 2021ರ ನವೆಂಬರ್‌ನಲ್ಲಿ ಬಂದ ಡೆಫಿನಿಟಿವ್ ಎಡಿಷನ್ ಅನ್ನುವ ರಿಮಾಸ್ಟರ್‌ನಲ್ಲಿ ಆ ಮಸುಕು ತೆಗೆದರು. ಚಿಲಿಯಾಡ್ ಬೆಟ್ಟದ ಮೇಲೆ ನಿಂತರೆ ಇಡೀ ಮ್ಯಾಪ್ ಒಂದೇ ನೋಟಕ್ಕೆ ಕಂಡಿತು, ಇಷ್ಟು ಚಿಕ್ಕದಾ ಅಂತ ಜನ ಬೇಜಾರಾದರು. ನಮಗೆ ಇದು ಬೇಗ ಅರ್ಥವಾಗಬೇಕು. ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಮುಸುಕಿದಾಗ ಕಣಿವೆಗೆ ಕೊನೆಯೇ ಇಲ್ಲ ಅನಿಸುತ್ತದೆ, ಬಿಸಿಲು ಬಿದ್ದರೆ ಕೆಳಗಿನ ರಸ್ತೆ, ಗದ್ದೆ, ಮನೆ ಎಲ್ಲ ಎಣಿಸಬಹುದು. ಹಾಗಾದರೆ ಸ್ಯಾನ್ ಆಂಡ್ರಿಯಾಸ್ ದೊಡ್ಡದು ಅನ್ನುವ ನಮ್ಮ ನೆನಪು ಸುಳ್ಳಾ? ಅಲ್ಲ. ಮಸುಕು ಗೇಮಿನ ಒಂದು ಭಾಗವೇ ಆಗಿತ್ತು. ನೆನಪು ಸರಿಯಾಗಿಯೇ ಇತ್ತು, ರಿಮಾಸ್ಟರ್ ಮಾಡಿದವರಿಗೆ ಅದರ ಬೆಲೆ ಗೊತ್ತಾಗಲಿಲ್ಲ. 2024ರ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಹಳೇ ಬಗೆಯ ಬೆಳಕಿನ ಆಯ್ಕೆ ಕೊಟ್ಟರು.

ನೆನಪಿಗೂ ಈಗ ಕಾಣುವುದಕ್ಕೂ ತಾಳೆ ಆಗದಿದ್ದರೆ ನೆನಪೇ ತಪ್ಪು ಅಂತ ತಕ್ಷಣ ಒಪ್ಪಿಕೊಳ್ಳಬೇಡಿ ಅಂತ ಹೇಳಲು ಇಷ್ಟೆಲ್ಲ ಬರೆದೆ. ಮೊದಲು ಯಂತ್ರ ನೋಡಿ, ಆಮೇಲೆ ಕಾಪಿ ನೋಡಿ.

ಮೊದಲ ಅರ್ಧ ಗಂಟೆಯನ್ನು ನಂಬಬೇಡಿ

ಮೆನು ಮ್ಯೂಸಿಕ್ ಬಂದ ಕೂಡಲೇ ಎದೆ ತುಂಬಿಬರುತ್ತದೆ. ಬರಲಿ, ಅನುಭವಿಸಿ, ಬೇಕಾದರೆ ಅಣ್ಣನಿಗೆ ಫೋಟೋ ಕಳಿಸಿ. ಆಗ ಬರುವ ಅಭಿಪ್ರಾಯವನ್ನು ಮಾತ್ರ ಬರೆಯಬೇಡಿ. ಸ್ವಲ್ಪ ಹೊತ್ತಿಗೆ ಇದರ ಉಲ್ಟಾ ಶುರುವಾಗುತ್ತದೆ. ಬಟನ್ ಎಲ್ಲಿ, ಕ್ಯಾಮೆರಾ ಯಾಕೆ ಹೀಗೆ ತಿರುಗುತ್ತದೆ, ಆಟೋಸೇವ್ ಯಾಕಿಲ್ಲ ಅಂತ ಸಿಟ್ಟು. ಆಗಲೂ ಬರೆಯಬೇಡಿ. ಎರಡೂ ಇಳಿದ ಮೇಲೆ, ಕೈಗೆ ಬಟನ್ ಕೂತ ಮೇಲೆ, ಹಾಳೆಯಲ್ಲಿ ಒಳಗಿನದ್ದು ಅಂತ ಗುರುತು ಹಾಕಿದ ಸಾಲುಗಳನ್ನು ಒಂದೊಂದಾಗಿ ನೋಡಿ.

ಈ ಹಂತದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಉಪಾಯ: ಅದೇ ಕಾಲದ, ನೀವು ಯಾವತ್ತೂ ಆಡದ ಗೇಮ್ ಒಂದನ್ನು ಜೊತೆಗೆ ಆಡುವುದು. ಯಾಕೆ ಅಂದರೆ, ರಾಬರ್ಟ್ ಝಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಅರ್ಥವೇ ಇಲ್ಲದ ಪದಗಳು, ಚೀನೀ ಲಿಪಿಯಂಥ ಗುರುತುಗಳು, ಅಪರಿಚಿತರ ಮುಖಗಳು, ಇವನ್ನು ಜನರಿಗೆ ಕೆಲವನ್ನು ಕಮ್ಮಿ ಸಲ, ಕೆಲವನ್ನು ಜಾಸ್ತಿ ಸಲ ತೋರಿಸಿದರು. ಜಾಸ್ತಿ ಸಲ ನೋಡಿದ್ದೇ ಜನರಿಗೆ ಹೆಚ್ಚು ಹಿಡಿಸಿತು. ಸುಮ್ನೆ ಕಣ್ಣಿಗೆ ಬಿದ್ದದ್ದಕ್ಕೇ ಹೀಗಾದರೆ, ಒಂದೇ ಲೆವೆಲ್ಲನ್ನು ಇಡೀ ಬೇಸಿಗೆ ರಜೆ ಆಡಿದ ನಮಗೆ ಹೇಗಿರಬೇಡ.

ಹಾಗಾಗಿ ಐಜಿಐ ಇಷ್ಟವಾದರೆ, ಅದೇ 2000ದ ಡಿಯಸ್ ಎಕ್ಸ್ ಆಡಿ, ಅಥವಾ 1998ರ ಹಾಫ್ ಲೈಫ್, ಮೊದಲು ಆಡಿರದಿದ್ದರೆ. ಆ ಅಪರಿಚಿತ ಗೇಮೂ ನಿಮ್ಮನ್ನು ಹಿಡಿದು ಕೂರಿಸಿದರೆ, ಆ ಕಾಲದ ಗೇಮ್ ಕಟ್ಟುವ ಬಗೆಯೇ ನಿಮಗೆ ಹಿಡಿಸುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಅದು ಬೋರ್ ಹೊಡೆದು, ನಿಮ್ಮದು ಮಾತ್ರ ಚೆಂದ ಅನಿಸಿದರೆ ಪರಿಚಯ ಕೆಲಸ ಮಾಡುತ್ತಿರಬಹುದು, ಇಲ್ಲಾ ನಿಮ್ಮ ಗೇಮೇ ಅದಕ್ಕಿಂತ ಚೆನ್ನಾಗಿರಬಹುದು. ಅದನ್ನು ತೀರ್ಮಾನ ಮಾಡಲು ಇನ್ನೊಬ್ಬರು ಬೇಕು.

ಹೊಸಬರನ್ನು ಕೂರಿಸಿ, ನೀವು ಬಾಯಿ ಮುಚ್ಚಿಕೊಳ್ಳಿ

ಬಾಯಿ ಮುಚ್ಚಿಕೊಳ್ಳುವುದೇ ಕಷ್ಟ. ಸುಂಟಿಕೊಪ್ಪದಲ್ಲಿ ಅಕ್ಕನ ಮನೆಗೆ ಹೋದಾಗ ಅವಳ ಮಗನಿಗೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಕೊಟ್ಟು ಹಿಂದೆ ಕೂತಿದ್ದೆ. ಅವನು ಬಿಜಿಎಂಐ ಅನ್ನುವ ಮೊಬೈಲ್ ಶೂಟಿಂಗ್ ಗೇಮ್ ಆಡುವ ಹುಡುಗ, ಕಂಟ್ರೋಲರ್ ಹಿಡಿದದ್ದೇ ಕಮ್ಮಿ. ಎದುರು ನಡೆದು ಬರುವ ಮೊದಲ ಶತ್ರು ಗೂಂಬಾಗೆ ತಾಗಿ ಸತ್ತ. ಎರಡನೇ ಸಲ ಹಾರಿದ. ಹಾರಿದಾಗ ತಲೆ ಪ್ರಶ್ನೆ ಗುರುತಿನ ಡಬ್ಬಿಗೆ ಬಡಿದು ಕಾಯಿನ್ ಬಂತು. ಹೊಡೆದರೆ ಏನಾದರೂ ಸಿಗುತ್ತದೆ ಅಂತ ಗೊತ್ತಾಯಿತು, ಮುಂದಿನ ಡಬ್ಬಿಗೂ ಹೊಡೆದ. ಅಣಬೆ ಬಂತು. ಅದು ಬಲಕ್ಕೆ ಜಾರಿ, ಪೈಪಿಗೆ ಬಡಿದು ವಾಪಸ್ ಅವನ ಕಡೆಗೇ ಬಂತು. ಶತ್ರು ಅಂದುಕೊಂಡು ತಪ್ಪಿಸಿಕೊಳ್ಳಲು ಹಾರಿದ, ಆದರೂ ಅದರ ಮೇಲೇ ಬಿದ್ದ, ಮಾರಿಯೋ ದೊಡ್ಡವನಾದ. ಅವನ ಮುಖ ಅರಳಿತು. ಯಾರೂ ಒಂದು ಅಕ್ಷರ ಹೇಳಿಕೊಟ್ಟಿರಲಿಲ್ಲ. ಆ ಡಬ್ಬಿ, ಆ ಅಣಬೆ, ಆ ಪೈಪು ಕಲಿಸುವುದಕ್ಕಾಗಿಯೇ ಅಲ್ಲಿವೆ. ಮಾರಿಯೋ ಗೇಮ್ ರೂಪಿಸಿದ ಮಿಯಾಮೊಟೊ ಅವರೇ ಆ ಲೆವೆಲ್ಲಿನ ಬಗ್ಗೆ ಹೀಗೆ ವಿವರಿಸಿದ್ದಾರೆ. 1985ರಲ್ಲಿ ಜಪಾನಿನಲ್ಲಿ ಕೂತು ಇಟ್ಟ ಅಣಬೆ ಇವತ್ತು ಸುಂಟಿಕೊಪ್ಪದ ಹುಡುಗನಿಗೆ ಪಾಠ ಹೇಳುತ್ತದೆ ಅಂದರೆ, ಅಲ್ಲಿ ನನ್ನ ನೆನಪಿನ ಕೈವಾಡ ಏನೂ ಇಲ್ಲ.

ಸ್ವಲ್ಪ ಹೊತ್ತಿಗೆ "ಮಾವ, ಇದರಲ್ಲಿ ಹಿಂದಕ್ಕೆ ಹೋಗೋಕೇ ಆಗಲ್ಲ" ಅಂದ. ಹೌದು, ಆ ಗೇಮಿನಲ್ಲಿ ಪರದೆ ಎಡಕ್ಕೆ ಸರಿಯುವುದಿಲ್ಲ. ದಾಟಿದ್ದು ದಾಟಿತು. ಇದು ನನಗೆ ಕಂಡೇ ಇರಲಿಲ್ಲ. ಇಂಥವನ್ನು ಹೇಳುವುದಕ್ಕೇ ಹೊಸ ಕಣ್ಣು ಬೇಕಾಗುವುದು.

ಆದರೆ ಹುಷಾರು, ಹೊಸಬರು ಅಂದ ಮಾತ್ರಕ್ಕೆ ಅವರ ತಕ್ಕಡಿ ಸಮ ಇರುತ್ತದೆ ಅಂತಲ್ಲ. ಅವನ ಬೆರಳು ಟಚ್‌ಸ್ಕ್ರೀನಿಗೆ ಪಳಗಿದೆ. ಪ್ರತಿ ಮ್ಯಾಚಿಗೂ ಒಂದು ಬಹುಮಾನ, ಎಲ್ಲಿ ಹೋಗಬೇಕು ಅಂತ ಬಾಣದ ಗುರುತು, ಇವೆಲ್ಲ ಅವನಿಗೆ ಸಹಜ. ನಮಗೆ ಹಳೆಯದು ಪರಿಚಯ, ಅವನಿಗೆ ಹೊಸದು ಪರಿಚಯ. ಅವನ ದೂರುಗಳನ್ನೂ ಸೋಸಬೇಕು. ನಾನು ನೋಡುವುದು ಇಷ್ಟೇ: ಒಂದು ಗಂಟೆ ಆಡಿದ ಮೇಲೂ ಆ ದೂರು ಉಳಿದಿದೆಯಾ? ಮಾರಿಯೋ ಓಡುವಾಗ ಜಾರುತ್ತಾನೆ ಅನ್ನುವ ದೂರು ಅಷ್ಟರಲ್ಲಿ ಹೋಗುತ್ತದೆ. ಜಾರುವುದನ್ನೇ ಬಳಸಿ ಹಾರಲು ಕಲಿಯುತ್ತಾರೆ. ಐಜಿಐನಲ್ಲಿ ಮಧ್ಯೆ ಸೇವ್ ಇಲ್ಲ ಅನ್ನುವ ದೂರು ಗಂಟೆ ಕಳೆದಂತೆ ಜಾಸ್ತಿಯಾಗುತ್ತದೆ. ಮೊದಲನೆಯದು ರೂಢಿಯ ಕೊರತೆ, ಎರಡನೆಯದು ಗೇಮಿನ ಕೊರತೆ. ನಾವು ಆಗ ಅದನ್ನು ಸಹಿಸಿಕೊಂಡದ್ದು ಕೈಯಲ್ಲಿ ಬೇರೆ ಗೇಮ್ ಇರಲಿಲ್ಲ, ಸಮಯ ಬೇಕಾದಷ್ಟಿತ್ತು ಅನ್ನುವ ಕಾರಣಕ್ಕೆ.

ಕೆಟ್ಟವನ್ನೂ ನೆನೆಸಿಕೊಳ್ಳಿ

ಹಳೆಯದರಲ್ಲಿ ಅತಿ ಒಳ್ಳೆಯದನ್ನೂ ಹೊಸದರಲ್ಲಿ ಸಾಧಾರಣದ್ದನ್ನೂ ಎದುರುಬದುರು ಇಟ್ಟರೆ ಹಳೆಯದೇ ಗೆಲ್ಲುತ್ತದೆ. ಕುಶಾಲನಗರದ ಸಂತೆಯಲ್ಲಿ ತಂದ ಕ್ಯಾಸೆಟ್ ಮೇಲೆ ಸಾವಿರಾರು ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಅವವೇ ಕೆಲವು ಗೇಮ್ ಬೇರೆ ಬೇರೆ ಹೆಸರಲ್ಲಿ. ಅವುಗಳಲ್ಲೂ ನಾವು ಆಡಿದ್ದು ನಾಲ್ಕೈದು, ಮಿಕ್ಕವನ್ನು ನೋಡಿ ಬಿಟ್ಟಿದ್ದೇವೆ, ಹೆಸರೂ ನೆನಪಿಲ್ಲ. ಅಮೆರಿಕದಲ್ಲಿ 1983ರಲ್ಲಿ ವಿಡಿಯೋ ಗೇಮ್ ವ್ಯಾಪಾರವೇ ಕುಸಿಯಿತು, ಅದಕ್ಕೆ ಒಂದು ಕಾರಣ ಮಾರುಕಟ್ಟೆ ತುಂಬ ಕಳಪೆ ಗೇಮ್‌ಗಳಿದ್ದದ್ದು. ಹೋಲಿಸುವುದಾದರೆ ಒಳ್ಳೆಯದನ್ನು ಒಳ್ಳೆಯದರ ಜೊತೆ ಹೋಲಿಸಿ.

ಹೇಳುವಾಗ ಹೇಗೆ ಹೇಳಬೇಕು

"ಸೂಪರ್", "ವೇಸ್ಟ್" ಬಿಡಿ. ಯಾವ ಕಾಪಿ, ಯಾವ ಯಂತ್ರ, ನಿಮಗೆ ಅದರ ಜೊತೆ ಎಷ್ಟು ಹಳೇ ಸಂಬಂಧ ಅಂತ ಮೊದಲು ಹೇಳಿ. ಆಮೇಲೆ ಗೇಮ್ ಬಗ್ಗೆ. ಕೇಳುವವರಿಗೆ ಎಷ್ಟು ಕಳೆಯಬೇಕು, ಎಷ್ಟು ಕೂಡಬೇಕು ಅಂತ ಗೊತ್ತಾಗುತ್ತದೆ. ನನ್ನ ಕೆಲವು ತೀರ್ಪುಗಳನ್ನು ಹಾಗೇ ಕೊಡುತ್ತೇನೆ.

ಐಜಿಐ: ನಾನು ಆಡಿ ಬೆಳೆದದ್ದು. ದೂರದಿಂದ ನೋಡಿ ಯೋಜನೆ ಹಾಕುವ ಖುಷಿ ಇವತ್ತಿಗೂ ಗಟ್ಟಿ. ಸೇವ್ ಇಲ್ಲದ್ದು ಆಗಲೂ ಕೊರತೆ, ಈಗಲೂ ಕೊರತೆ. ತಾಳ್ಮೆ ಇರುವವರಿಗೆ ಮಾತ್ರ ಕೊಡಿ.

ಮುಸ್ತಾಫಾ, ಅಂದರೆ ಕ್ಯಾಪ್‌ಕಾಮ್‌ನ 1993ರ ಕ್ಯಾಡಿಲ್ಯಾಕ್ಸ್ ಆಂಡ್ ಡೈನೋಸಾರ್ಸ್: ಬಸ್‌ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ಕಾಯಿನ್ ಹಾಕಿ ಆಡಿದವರಿಗೆ ಪ್ರಾಣ. ಮೊಬೈಲ್ ಎಮ್ಯುಲೇಟರ್‌ನಲ್ಲಿ ಕಾಯಿನ್‌ಗೆ ಲೆಕ್ಕವಿಲ್ಲ, ಹಾಗಾಗಿ ಒಬ್ಬರೇ ಆಡಿದರೆ ಬೇಗ ಸಪ್ಪೆಯಾಗುತ್ತದೆ. ಐದೇ ಕಾಯಿನ್ ಅಂತ ನಿಯಮ ಮಾಡಿಕೊಂಡು ಮೂವರು ಸೇರಿ ಆಡಿ, ಈಗಲೂ ಚೆನ್ನಾಗಿದೆ.

ಏಜ್ ಆಫ್ ಎಂಪೈರ್ಸ್ 2: ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ ಗೇಮ್, 1999ರದ್ದು. ಇದರ ಬಗ್ಗೆ ನಮ್ಮ ನೆನಪಿನ ಸಾಕ್ಷಿಯೇ ಬೇಕಿಲ್ಲ. 2019ರಲ್ಲಿ ಡೆಫಿನಿಟಿವ್ ಎಡಿಷನ್ ಬಂತು, 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಸೇರ್ಪಡೆಯಲ್ಲಿ ದ್ರಾವಿಡರು, ಗುರ್ಜರರು, ಬಂಗಾಳಿಗಳು ಸೇರಿದರು. ಆ ಗೇಮ್ ಬಂದ ಮೇಲೆ ಹುಟ್ಟಿದವರೂ ಟೂರ್ನಮೆಂಟ್‌ಗಳಲ್ಲಿ ಆಡುತ್ತಿದ್ದಾರೆ. ಹುಡುಗರಿಗೆ ಒಂದೇ ಒಂದು ಹಳೇ ಪಿಸಿ ಗೇಮ್ ಕೊಡಿಸುವುದಾದರೆ ಇದನ್ನೇ ಕೊಡಿಸಿ, ಜೊತೆಗೆ ನೀವೂ ಒಂದು ಲ್ಯಾಪ್‌ಟಾಪ್ ಹಿಡಿದು ಅವರ ಎದುರು ಆಡಿ.